ಡ್ರೋನಿಗೆ ಕೈ ಬೀಸೋದು ಹೆಂಗ

ಸಂಭಾಜಿನಗರದ ವಿಮಾನ ನಿಲ್ದಾಣದ ಬೇಲಿ ಆಚೆ, ಒಂದು ಹತ್ತಿ ಹೊಲದಾಗ ನಿಂತು ನಾವು ಡ್ರೋನ್ ಹಾರಿಸ್ಲಿಕತ್ತಿದ್ವಿ. ವಿಮಾನಕ್ಕ ಇಳಿಯೋ ದಾರಿ ತೋರಿಸೋ ರೇಡಿಯೋ ಸಿಗ್ನಲ್ ಸರಿ ಅದನೋ ಇಲ್ಲೋ ನೋಡೋದು ನಮ್ಮ ಕೆಲಸ. ಮೊದಲು ಅದಕ್ಕಂತನ ಒಂದು ಸಣ್ಣ ವಿಮಾನ ಬರ್ತಿತ್ತು.

ಆ ಹೊಲದ ಮುದುಕಿ, ಎಲ್ಲಾರೂ ಆಜಿ ಅನ್ನೋರು, ನಮ್ಮ ಹತ್ತಿರ ಬಂದು, "ನಿಮ್ಮ ವಿಮಾನ ಯಾವಾಗ ಬರ್ತದ್ರಿ ಸಾಹೇಬ್ರ?" ಅಂತ ಮರಾಠಿಯೊಳಗ ಕೇಳಿದಳು. ಅದು ತಲಿ ಮ್ಯಾಲೆ ಸುತ್ತು ಹೊಡಿಯುವಾಗ ಆಕಿ ಕೈ ಬೀಸ್ತಿದ್ದಳಂತ. ಕಡೀ ಸುತ್ತಿನಾಗ ಪೈಲಟ್ ಆಕಿಗಂತ ರೆಕ್ಕಿ ವಾಲಿಸಿ ಹೋಗ್ತಿದ್ದನಂತ.

"ಇನ್ಮ್ಯಾಲೆ ಅದು ಬರಂಗಿಲ್ಲ ಆಜಿ. ಆ ಕೆಲಸ ಇದ ಮಾಡ್ತದ."

ಆಕಿ ಡ್ರೋನ್ ನೋಡಿದಳು. "ಇದರಾಗ ಯಾರೂ ಕುಂತಿಲ್ಲೇನ್ರಿ?"

"ಇಲ್ಲ."

"ಹಂಗಾದ್ರ ನಾ ಕೈ ಯಾರಿಗೆ ಬೀಸಲಿ?"

ಡ್ರೋನ್ ಒಂದೀಟು ವಾಲಿಸಪಾ ಅಂತ ನಮ್ಮ ಆಪರೇಟರ್‌ಗೆ ಹೇಳಿದೆ. "ಅಳತಿ ಕೆಡ್ತದ್ರಿ ಸರ್, ಮುಗೀಲಿ ತಡೀರಿ," ಅಂದ.

ಮುಗಿದ ಮ್ಯಾಲೆ ಎಡಕ್ಕ, ಬಲಕ್ಕ ಚಂದಾಗಿ ವಾಲಿಸಿದ. ಅಷ್ಟರಾಗ ಆಜಿ ಬೆನ್ನು ತಿರುಗಿಸಿ ಹತ್ತಿ ಬಿಡಿಸ್ಲಿಕ್ಕೆ ಹೋಗಿಬಿಟ್ಟಿದ್ದಳು. ಕೂಗಿದೆ, ಡ್ರೋನಿನ ಸದ್ದಿನಾಗ ಆಕಿಗೆ ಕೇಳಲಿಲ್ಲ.

ಕಡೀಕ ಆಕಿ ಬದಲು ನಾನ ಮ್ಯಾಲೆ ನೋಡಿ ಕೈ ಬೀಸಿದೆ. ಇಳಿಸು ಅಂದೆ ಅಂತ ತಿಳಕೊಂಡು ಆಪರೇಟರ್ ಡ್ರೋನ್ ಕೆಳಗಿಳಿಸಿದ.