ಹೂವಿನ ದಾರ ಕಟ್ಟಿದ ಹೆಲ್ಮೆಟ್

ಜೂನ್ 12, ಗುರುವಾರ, ಬೆಳಗ್ಗೆ 8.40. ದೊಡ್ಡಪ್ಪನ ಮಗ ಮಂಜಣ್ಣನ ಬೈಕಿನ ಹಿಂದೆ ಕೂತು ಕುರುಬರಹಳ್ಳಿಯಿಂದ ಕೆಂಗೇರಿಯ ಚಿಕ್ಕಮ್ಮನ ಮನೆಗೆ ಹೊರಟೆ. ಮೊದಲ ಸಿಗ್ನಲ್ಲಿನ ಪಕ್ಕದಲ್ಲಿ ಹೂವು ಕೊಳ್ಳಲು ನಿಂತೆವು. ಅವನು ಚೌಕಾಸಿ ಮಾಡುವಷ್ಟರಲ್ಲಿ ನಾನು ಎಣಿಸಿದೆ: ಕೆಂಪು ದೀಪಕ್ಕೆ ನಿಂತ ಇಪ್ಪತ್ತಾರು ಸವಾರರಲ್ಲಿ ಹೆಲ್ಮೆಟ್ ಇದ್ದವರು ಇಪ್ಪತ್ತಮೂರು, ಗಲ್ಲದ ಕೆಳಗೆ ಕ್ಲಿಪ್ ಹಾಕಿದ್ದವರು ಒಂಬತ್ತೇ ಜನ. ಮಂಜಣ್ಣನದರಲ್ಲಿ ಕ್ಲಿಪ್ಪೇ ಇಲ್ಲ, ಮುರಿದು ವರ್ಷವಾಯಿತು.

ನೇತಾಡುವ ಪಟ್ಟಿಯನ್ನು ಹೂವಿನಾಕೆ ತೋರಿಸಿದಾಗ ಅವನು ನಕ್ಕ. "ಪೊಲೀಸ್ರಿಗೆ ಹೆಲ್ಮೆಟ್ ಕಂಡ್ರೆ ಸಾಕು ಆಂಟಿ. ನನ್ ತಲೆ, ನನ್ನಿಷ್ಟ."

"ನಿನ್ ತಲೆ ನಿಂದೇ ಕಣಪ್ಪ. ಬಿದ್ರೆ ಎತ್ತೋರು ನಾವ್ ತಾನೇ? ಹೋದ್ ತಿಂಗ್ಳು ಒಬ್ಬ ಇಲ್ಲೇ ಬಿದ್ದ. ಹೆಲ್ಮೆಟ್ ಹಾರಿ ನನ್ ಬುಟ್ಟಿಗ್ ಬಂತು, ಅವ್ನು ರೋಡಲ್ಲೇ ಉಳ್ದ. ಆ ಬುಟ್ಟೀಲಿ ಹೂವ ಇಡಕ್ಕೇ ಮನಸ್ಸಾಗಲ್ಲ ಈಗ. ಬಗ್ಗು."

ಅವನು ಬಗ್ಗಿದ. ಆಕೆ ಹೂವು ಕಟ್ಟುವ ದಾರವನ್ನು ಮೂರೆಳೆ ಮಾಡಿ, ಮಾಲೆಯ ಕೊನೆಗೆ ಹಾಕುವ ಗಂಟಿನಂತೆ ಎರಡು ಪಟ್ಟಿಗಳನ್ನೂ ಸೇರಿಸಿ ಬಿಗಿದಳು.

ವಿಜಯನಗರದ ಹತ್ತಿರ ಮಂಜಣ್ಣ ಎರಡು ಸಲ ಬಿಚ್ಚಲು ನೋಡಿದ, ಆಗಲಿಲ್ಲ. ನಾನು ನನ್ನ ಕ್ಲಿಪ್ಪನ್ನು ಏಳು ಸಲ ಮುಟ್ಟಿ ನೋಡಿಕೊಂಡೆ. ಕೆಂಗೇರಿಯಲ್ಲಿ ಚಿಕ್ಕಮ್ಮನ ಹತ್ತಿರ ಕತ್ತರಿ ಕೇಳಿ ದಾರ ತುಂಡು ಮಾಡಬೇಕಾಯಿತು.

ಸಂಜೆ ಇದೇ ಬೈಕಿನಲ್ಲಿ ವಾಪಸ್ ಹೋಗಬೇಕು. ಇಲ್ಲಿ ಆ ಹೂವಿನಾಕೆ ಇಲ್ಲ. ಹೆಲ್ಮೆಟ್ಟಿಗೆ ಕ್ಲಿಪ್ ಮಾತ್ರ ಹಾಕಿಕೊಡುವ ಅಂಗಡಿ ಕೆಂಗೇರಿ ಕಡೆ ಎಲ್ಲಾದರೂ ಇದ್ದರೆ, ಗೊತ್ತಿರುವವರು ಆರು ಗಂಟೆಯೊಳಗೆ ಬರೆದು ತಿಳಿಸಿ.