ಎರಡು ಸಲ ಓದಿದ ಕಾಗದ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ನೀಲಿ ಗೆರೆ ಇತ್ತು. ಶಾಯಿಯ ಗೆರೆ. ಸಹಿ ಬಾರದ ಹೆಂಗಸರ ಹೆಬ್ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ರಿಜಿಸ್ಟರಿನ ಮೇಲೆ ಒತ್ತಿಸಿ ಒತ್ತಿಸಿ ಉಳಿದದ್ದು. ಹೋದ ತಿಂಗಳು ಅವರು ತೀರಿಹೋದಾಗ, ಮೈ ತೊಳೆಯುವಲ್ಲಿ ಆ ಕೈ ನನ್ನ ಪಾಲಿಗೆ ಬಂತು. ಸೀಗೇಕಾಯಿ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ನನಗೆ ಅಳುವೂ ಬರಲಿಲ್ಲ.

ಅವರು ಶಹಾಬಾದದ ನಮ್ಮ ಓಣಿಯ ಅಂಗನವಾಡಿ ಶಿಕ್ಷಕಿ. ಎಲ್ಲರಿಗೂ ಅಕ್ಕೋರು. ಅಂಗನವಾಡಿಯ ಎರಡೂ ಕಡೆ ಕಲ್ಲು ಪಾಲಿಶ್ ಮಾಡುವ ಜಾಗಗಳು. ರಿಜಿಸ್ಟರ್ ತೆರೆಯುವ ಮೊದಲು ಅವರು ಧೂಳು ಊದುತ್ತಿದ್ದರು. ಆಮೇಲೆ ಬರೆದದ್ದನ್ನು ಜೋರಾಗಿ ಎರಡು ಸಲ ಓದುತ್ತಿದ್ದರು. ಕೇಳಿದವರು ಅದನ್ನು ತಿರುಗಿ ಹೇಳಬೇಕು. ಅಲ್ಲಿಯವರೆಗೆ ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ.

“ಬಾಯಿಪಾಠ ಬ್ಯಾಡ, ನಿನ್ನ ಮಾತಿನಾಗ ಹೇಳು” ಎನ್ನುವುದು ಅವರ ಮಾತು.

ಸೊಸೆಯ ಪಾಲಿನ ಮೊಟ್ಟೆ ಒಯ್ಯಲು ಬಂದ ಮುದುಕಿಯೊಬ್ಬಳು ಒಮ್ಮೆ ರೇಗಿದಳು. “ತತ್ತಿ ಕೊಡ್ರಿ ಅಕ್ಕೋರ, ಒತ್ತತೀನಿ. ನಿಮ್ಮ ಪುರಾಣ ಯಾರಿಗಿ ಬೇಕಾಗ್ಯಾದ?”

“ಎಷ್ಟು ತತ್ತಿ ಅಂತ ಬರದೀನಿ?”

“ನನಗೇನು ಗೊತ್ರಿ?”

“ನೂರು ಅಂತ ಬರದೀನಿ. ಒತ್ತು.”

ಮುದುಕಿ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ನಾನು ಅವರನ್ನು ಕಂಡಾಗ ನನಗೆ ಇಪ್ಪತ್ತೆರಡು ವರ್ಷ, ಐದು ತಿಂಗಳ ಬಸುರಿ. ಮದುವೆಯಾಗುತ್ತೇನೆ ಅಂದಿದ್ದವನು ಫೋನ್ ನಂಬರ್ ಬದಲಿಸಿದ್ದ. ಅಪ್ಪ ನನ್ನನ್ನು ನಮ್ಮೂರು ಕೊಡ್ಲಿಯಿಂದ ತಂದು ಶಹಾಬಾದದ ಚಿಗವ್ವನ ಮನೆಯಲ್ಲಿ ಬಿಟ್ಟು ಹೋದ. ನಾನು ವಾಡಿ ಪಟ್ಟಣದಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಎಂದು ಊರಿನಲ್ಲಿ ಹೇಳಿದ್ದರು. ಕೂಸನ್ನು ಇಟ್ಟುಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಚಿಗವ್ವನಿಗೆ ಪರಿಚಯದ ಒಬ್ಬ ಹೆಂಗಸು ಇದ್ದಳು. ಮಕ್ಕಳಿಲ್ಲದವರಿಗೆ ಕೂಸು ಕೊಡಿಸುವವಳು. ದಾಳಿಂಬೆ ತಂದು ನನ್ನ ಪಕ್ಕ ಕೂತು ತಲೆ ಸವರಿದಳು.

“ಭಾಳ ಚಲೋ ಮಂದಿ, ಮಗಳ. ದವಾಖಾನಿಗಿ ಅವರ ಹೆಸರಲೇ ಸೇರಸ್ತೀವಿ. ನಿನ್ನ ಹೆಸರೇ ಎಲ್ಲೂ ಬರಂಗಿಲ್ಲ.”

ನನಗೂ ಅದೇ ಬೇಕಿತ್ತು. ಅವಳು ಒಂದು ಛಾಪಾ ಕಾಗದ ಮುಂದಿಟ್ಟಳು. ಅದರಲ್ಲಿ ಏನೂ ಬರೆದಿರಲಿಲ್ಲ. ನಾನು ಪೆನ್ನು ಹಿಡಿದಿದ್ದೆ. ಬಸುರಿಯರ ಪಟ್ಟಿ ಬರೆಯಲು ಅಕ್ಕೋರು ಒಳಗೆ ಬಂದದ್ದು ಆಗಲೇ.

“ಏನ ಕಾಗದ್ರಿ ಅದು?”

“ನಮ್ಮ ಮನಿ ಮಾತು ಅದಾ. ನಿಮಗ್ಯಾಕ್ರಿ?” ಎಂದಳು ಆ ಹೆಂಗಸು.

“ಈ ಓಣ್ಯಾಗ ಬಸುರಾದವರೆಲ್ಲಾ ನನ್ನ ಮನಿಯವರೇ. ಓದ್ರಿ, ಕೇಳ್ತೀನಿ.”

“ಖಾಲಿ ಅದಾರಿ.”

“ಖಾಲಿ ಓದಾಕ ಭಾಳ ಹೊತ್ತು ಹತ್ತಂಗಿಲ್ಲ. ಎರಡು ಸಲ ಓದ್ರಿ.”

ಅವಳು ಕಾಗದ ಮಡಚಿಕೊಂಡು ಎದ್ದಳು. ನಾಳೆ ಬರುತ್ತೇನೆ ಅಂದಳು. ಅವಳು ಹೋದ ಮೇಲೆ ಅಕ್ಕೋರು ನೀರು ಕೇಳಿ ಕುಡಿದು ಕೂತರು.

“ನನ್ನ ಕೈಲೇ ಒಮ್ಮೆ ಆಗ್ಯಾದ ಈ ತಪ್ಪು. ಚಿತ್ತಾಪುರದ ಕಡಿ ಇದ್ದಾಗ. ನಿನ್ನಂಥಾಕಿನೇ ಒಬ್ಬಾಕಿ. ಪಾಪ ಅಂತ ತಿಳಿದು ಬಸುರಿ ಕಾರ್ಡಿನಾಗ ಅಕಿ ಹೆಸರಿನ ಜಾಗದಾಗ ಕೂಸು ತಗೊಳ್ಳೋರ ಹೆಸರು ನಾನೇ ಬರದೆ. ಹನ್ನೊಂದನೇ ದಿನ ಎದಿ ಹಾಲು ಸೋರಿ ಕುಪ್ಪಸ ತೊಯ್ಸಿಕೊಂಡು ಬಂದು ನಿಂತಳು. ‘ನನ್ನ ಕೂಸು ಎಲ್ಲದ ಅಕ್ಕೋರ?’ ಅಂದಳು. ಯಾವ ಕಾಗದ ತೋರಸ್ಲಿ? ಅದರಾಗ ಅಕಿನೇ ಇದ್ದಿಲ್ಲ.”

ಆಮೇಲೆ ಇನ್ನೊಂದು ದಾರಿ ಹೇಳಿದರು. ನನ್ನದೇ ಹೆಸರಿನಲ್ಲಿ ಹೆರಿಗೆ. ಕಲಬುರಗಿಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂಸನ್ನು ಒಪ್ಪಿಸುವುದು. ಅಲ್ಲಿಂದ ದತ್ತು ಕೇಂದ್ರ ನೋಡಿಕೊಳ್ಳುತ್ತದೆ. ಮನಸ್ಸು ಬದಲಾದರೆ ಅರವತ್ತು ದಿನದೊಳಗೆ ಹೋಗಿ ಕೂಸನ್ನು ಕೇಳಬಹುದು.

“ಸಮಿತಿ ಮುಂದ ಹೋದ್ರ ಊರಿಗೆಲ್ಲಾ ಡಂಗುರ ಸಾರಿದಂಗ ಆಗ್ತದ್ರಿ” ಎಂದಳು ಚಿಗವ್ವ.

“ಹೆಸರು ಅವರ ಕಪಾಟಿನಾಗ ಇರ್ತದ, ಓಣ್ಯಾಗ ಇರಂಗಿಲ್ಲ” ಎಂದು ಅಕ್ಕೋರು ನನ್ನ ಕಡೆ ತಿರುಗಿದರು. “ಎರಡೂ ಕೇಳಿದಿ. ಈಗ ನಿನ್ನ ಮಾತಿನಾಗ ಹೇಳು.”

ಪಕ್ಕದಲ್ಲಿ ಕಲ್ಲು ಕೊರೆಯುವ ಸದ್ದು ನಿಂತಾಗ ಹೇಳಿದೆ. “ಅಕಿ ಕಡಿ ಹೋದ್ರ ನಾ ಇದ್ದೇ ಇಲ್ಲ. ಅಲ್ಲಿ ಹೋದ್ರ ಅರವತ್ತು ದಿನ ಇರ್ತೀನಿ.”

ಅಕ್ಕೋರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು ಎರಡು ಸಲ ಓದಿದರು.

ಹೆಣ್ಣು ಕೂಸು. ಸರ್ಕಾರಿ ಆಸ್ಪತ್ರೆಯ ಕಾಗದದಲ್ಲಿ ತಾಯಿಯ ಜಾಗದಲ್ಲಿ ನನ್ನ ಹೆಸರಿತ್ತು. ಸಮಿತಿಯಲ್ಲಿ ಒಪ್ಪಿಗೆ ಪತ್ರವನ್ನು ಒಮ್ಮೆ ಓದಿ ಮುಂದೆ ಸರಿಸಿದರು. “ಇನ್ನೊಮ್ಮೆ ಓದ್ರಿ ಸರ್” ಎಂದರು ಅಕ್ಕೋರು. ಸರ್ ನಕ್ಕರು, ಆದರೆ ಓದಿದರು. ನನ್ನ ಮಾತಿನಲ್ಲಿ ನಾನೂ ಏನೋ ಹೇಳಿದೆ. ಏನೆಂದು ಮರುದಿನಕ್ಕೇ ನೆನಪಿರಲಿಲ್ಲ. ಸಹಿ ಮಾಡಿದೆ. ನನ್ನ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅಕ್ಕೋರೇ ಇಟ್ಟುಕೊಂಡರು.

ಆಮೇಲೆ ವಾರಕ್ಕೊಮ್ಮೆ ಬಂದು “ಇವತ್ತು ಎಷ್ಟನೇ ದಿನ?” ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಬೇರೆ ಏನೂ ಕೇಳುತ್ತಿರಲಿಲ್ಲ. ಐವತ್ತೊಂಬತ್ತನೇ ದಿನ ಬೆಳಿಗ್ಗೆ ಕೈಚೀಲ ಹಿಡಿದು, ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತರು.

“ಹತ್ತಕ್ಕ ಕಲಬುರಗಿ ಬಸ್ಸದ. ಹೋಗೂದಾದ್ರ ಏಳು, ಇಲ್ಲಾಂದ್ರ ಕುಂದ್ರು. ಎರಡೂ ನಿಂದೇ.”

ನಾನು ಏಳಲಿಲ್ಲ. ಅವರು ಚಪ್ಪಲಿ ಬಿಟ್ಟು ನನ್ನ ಪಕ್ಕ ಕೂತರು. ಬಸ್ಸಿನ ಹಾರ್ನ್ ಕೇಳಿಸಿತು. ಅದು ಹೋದ ಮೇಲೂ ಕೂತೇ ಇದ್ದರು.

ಈಗ ನಾನು ಸೇಡಂನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಒಬ್ಬಳೇ ಇದ್ದೇನೆ. ಹೋದ ತಿಂಗಳು ಮಣ್ಣು ಮಾಡಿ ಬಂದ ಮೇಲೆ ಅಕ್ಕೋರ ಮಗಳು ಒಂದು ಲಕೋಟೆ ಕೊಟ್ಟಳು. ಅದರಲ್ಲಿ ನನ್ನ ಪ್ರತಿ ಇತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವರ ಅಕ್ಷರ. ಅವತ್ತು ಸಮಿತಿಯಲ್ಲಿ ನಾನು ಹೇಳಿದ್ದನ್ನು ಬರೆದಿಟ್ಟಿದ್ದರು.

“ಬ್ಯಾಡಾಗಿ ಕೊಡಾಕತ್ತಿಲ್ಲ. ದೊಡ್ಡಾಕಿಯಾಗಿ ಕೇಳಿದ್ರ ಇಷ್ಟು ಹೇಳ್ರಿ.”

ಮೂಲೆಯಲ್ಲಿ ಒಂದು ನೀಲಿ ಹೆಬ್ಬೆಟ್ಟಿನ ಕಲೆ. ನಾನು ಸಹಿ ಮಾಡುವವಳು. ಅದು ನನ್ನದಲ್ಲ.

ಮನೆಗೆ ಬಂದು ಬಾಗಿಲು ಹಾಕಿ ಅದನ್ನು ಜೋರಾಗಿ ಎರಡು ಸಲ ಓದಿದೆ. ನಿನ್ನ ಮಾತಿನಾಗ ಹೇಳು ಅನ್ನಲು ಎದುರಿಗೆ ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.