ಮುದ್ದೆ ಆರುವ ಹೊತ್ತು

ಹುಣಸೂರಿನ ಹತ್ತಿರದ ನಮ್ಮ ಮನೆಗೆ ಹೊಗೆಸೊಪ್ಪು ವಿಂಗಡಿಸಲು ಬರುತ್ತಿದ್ದ ಆ ಕ್ರೈಸ್ತ ಅಕ್ಕ ನನ್ನ ತಾಳ್ಮೆ ಕೆಡಿಸಿದಷ್ಟು ನನ್ನ ಅತ್ತೆಯೂ ಕೆಡಿಸಿಲ್ಲ. ಕರೆಂಟು ಹೋದರೆ, "ದೇವ್ರಿಗೆ ಸ್ತೋತ್ರ, ಆಚೆ ಗಾಳೀಲಿ ಕೂರ್ಬೌದು" ಅನ್ನುತ್ತಿದ್ದರು. ಬಸ್ಸು ತಪ್ಪಿದರೂ ಸ್ತೋತ್ರವೇ. ನಡೆಯಲು ಕಾಲಿದೆಯಲ್ಲ ಎಂದು.

ಮಧ್ಯಾಹ್ನ ಊಟಕ್ಕೆ ಕೂತರಂತೂ ಮುಗಿಯಿತು. ತೊಳೆದರೂ ಸೊಪ್ಪಿನ ಅಂಟು ಬಿಡದ ಕಪ್ಪು ಕೈಗಳನ್ನು ಜೋಡಿಸಿ, ತಲೆಯ ಮೇಲೆ ಸೆರಗೆಳೆದು ಕಣ್ಣು ಮುಚ್ಚುತ್ತಿದ್ದರು. ರಾಗಿ ಬೆಳೆದವರು, ಬೀಸಿದವರು, ನೀರು ಹೊತ್ತವರು, ಒಬ್ಬೊಬ್ಬರಿಗಾಗಿಯೂ ದೇವರಿಗೆ ವಂದನೆ. ಅಷ್ಟರಲ್ಲಿ ನಾನು ಬಿಸಿಬಿಸಿ ಬಡಿಸಿದ ಮುದ್ದೆ ತಟ್ಟೆಯಲ್ಲಿ ಕಲ್ಲಾಗುತ್ತಿತ್ತು. ಅತ್ತೆ, ನನ್ನ ಗಂಡ ಇಬ್ಬರೂ ಮುಟ್ಟದೆ ಕಾಯುತ್ತಿದ್ದರು. ನಾನು ಗೊಣಗಿದರೆ ಅತ್ತೆ, "ದೇವ್ರ ಎಸ್ರು ಏಳ್ವಾಗ ಉಣ್ಬಾರ್ದು ಕಣವ್ವ, ಯಾವ ದೇವ್ರಾದ್ರೇನು?" ಅನ್ನುತ್ತಿದ್ದರು.

ಒಂದು ದಿನ ಮುದ್ದೆ ತಿರುವುವಾಗ ಕುದಿಯುವ ಹಿಟ್ಟು ಸಿಡಿದು ನನ್ನ ಕೈಯಲ್ಲಿ ಬೊಬ್ಬೆ ಎದ್ದಿತ್ತು. ಯಾರಿಗೂ ಹೇಳದೆ ಬಡಿಸಿ, ಗೋಡೆಗೊರಗಿ ನಿಂತೆ. ಅಂದು ಪ್ರಾರ್ಥನೆ ಇನ್ನೂ ಉದ್ದವಾಯಿತು. "ತಂದೆಯೇ, ಸುಟ್ಟ ಕೈಯಲ್ಲೇ ನಮಗೆ ಮುದ್ದೆ ಮಾಡಿ ಬಡಿಸಿದ ಈ ತಂಗಿಗಾಗಿ ನಿನಗೆ ಸ್ತೋತ್ರ," ಎಂದರು ಅಕ್ಕ.

ಅತ್ತೆ ತಲೆಯೆತ್ತಿದರು. ಗಂಡ ತಟ್ಟೆ ಬಿಟ್ಟು ನನ್ನ ಕೈಯನ್ನೇ ನೋಡುತ್ತ ಕೂತ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ರೇಗಿದೆ:

"ನೋಡಿದ್ದು ಸಾಕು, ಉಣ್ಣಿ. ಮುದ್ದೆ ಆರೋಯ್ತದೆ."